ಬಿದ್ದಾಗ ಏನು ಮಾಡುತ್ತಿದ್ದರು?

ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ನನ್ನದು ಕೋಡಿಂಗ್ ಕೆಲಸ. ಡಾಕ್ಟರು ಬರೆದ ಕಾಯಿಲೆ, ಗಾಯಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಹಾಕಬೇಕು. ಸೈಕಲ್ಲಿನಿಂದ ಬಿದ್ದು ಬಂದವರದು ದೊಡ್ಡ ರಗಳೆ. ಮೂಳೆ ಮುರಿದದ್ದಕ್ಕೆ ಒಂದು ಸಂಖ್ಯೆ. ಲಾರಿ ಬಡಿಯಿತೋ, ಎಮ್ಮೆ ಅಡ್ಡ ಬಂತೋ, ತಾವಾಗಿ ಬಿದ್ದರೋ ಎಂಬುದಕ್ಕೆ ಇನ್ನೊಂದು. ಕೊನೆಗೊಂದು ಕಾಲಂ: ಬಿದ್ದಾಗ ಏನು ಮಾಡುತ್ತಿದ್ದರು? ಆಟಕ್ಕೆ ಸೊನ್ನೆ, ಅಡ್ಡಾಟಕ್ಕೆ ಒಂದು, ದುಡಿಮೆಗೆ ಎರಡು, ಮನೆಗೆಲಸ ಮತ್ತು ಮನೆಯವರ ಆರೈಕೆಗೆ ಮೂರು. ಗೊತ್ತಿಲ್ಲದಿದ್ದರೆ ಒಂಬತ್ತು. ಕುಂಬಾರವಾಡದಿಂದ ಮುರಿದ ಕೈ ಹಿಡಿದುಕೊಂಡು, ಬಸ್ಸಿಗೆ ಕಾದು ಕಾದು ಬಂದವರನ್ನು ಇದನ್ನೆಲ್ಲ ಯಾರು ಕೇಳುತ್ತಾರೆ? ನಾನು ಕಣ್ಣುಮುಚ್ಚಿ ಒಂಬತ್ತು ಒತ್ತುತ್ತಿದ್ದೆ.

ಅಪ್ಪ ಮಿಲ್ಲಿನಿಂದ ನಿವೃತ್ತನಾದವನು. ನನ್ನ ಕೆಲಸ ಮುಗಿಯುವ ಹೊತ್ತಿಗೆ ದಿನಾ ಸೈಕಲ್ ತಳ್ಳಿಕೊಂಡು ಆಸ್ಪತ್ರೆಯ ಗೇಟಿಗೆ ಬರುತ್ತಿದ್ದ. ದಾರಿಯಲ್ಲಿ ನಾಯಿಗಳ ಕಾಟ, ನಾನು ಚಿಕ್ಕಂದಿನಿಂದ ನಾಯಿಗೆ ಹೆದರುವವಳು. ಆದರೆ ನಲವತ್ತು ದಾಟಿದವಳನ್ನು ಅಪ್ಪ ಶಾಲೆಯ ಮಗುವಿನ ಹಾಗೆ ಕರೆದೊಯ್ಯುವುದನ್ನು ಕಂಡು ನರ್ಸುಗಳು ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಅವರೆಲ್ಲರ ಎದುರಿಗೇ, ನಾಳೆಯಿಂದ ಬರಬೇಡ, ನನ್ನ ಮಾನ ಕಳೆಯಬೇಡ ಎಂದು ರೇಗಿದೆ. ಅಪ್ಪ ಹೂಂ ಎಂದ. ಮರುದಿನದಿಂದ ಗೇಟಿಗೆ ಬರಲಿಲ್ಲ. ನಾನು ಮನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಅವನೂ ಎಲ್ಲಿಂದಲೋ ಬರುತ್ತಿದ್ದ. ಎಲ್ಲಿಂದ ಎಂದು ನಾನು ಕೇಳಲಿಲ್ಲ.

ಒಂದು ಸಂಜೆ ಗೆಳತಿಯ ಸ್ಕೂಟರ್ ಹತ್ತಿ ಬೇಗ ಮನೆ ಸೇರಿದ್ದೆ. ಚಹಾಕ್ಕೆ ಇಡುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಅಪ್ಪ ಸೈಕಲ್ ಸಮೇತ ಗಟಾರಕ್ಕೆ ಬಿದ್ದಿದ್ದ, ತಲೆಗೆ ಪೆಟ್ಟು. ನಾನು ಹೋದಾಗ ಇನ್ನೂ ಮಾತಾಡುತ್ತಿದ್ದ. ಈ ವಯಸ್ಸಿನಲ್ಲಿ ಎಲ್ಲಿಗೆ ಹೊರಟಿದ್ದೆ ಎಂದು ಅಲ್ಲಿಯೂ ಗದರಿದೆ.

"ಎಲ್ಲಿಗೂ ಇಲ್ಲ ಯವ್ವಾ, ಸುಮ್ನ ಅಡ್ಡಾಡಾಕ ಹೊಂಟಿದ್ದೆ," ಎಂದ. ಡಾಕ್ಟರು ಅದನ್ನೇ ಬರೆದುಕೊಂಡರು.

ಮೂರನೇ ದಿನ ಅಪ್ಪ ತೀರಿಕೊಂಡ.

ರಜೆ ಮುಗಿಸಿ ಹೋದಾಗ ಅವನ ಫೈಲ್ ನನ್ನ ಮೇಜಿನ ಮೇಲಿತ್ತು. ಬೇರೆಯವರು ಮಾಡುತ್ತೇವೆಂದರೂ ಕೊಡಲಿಲ್ಲ. ತಲೆಬುರುಡೆಯ ಬಿರುಕಿಗೆ ಸಂಖ್ಯೆ ಹಾಕಿದೆ, ತಾನಾಗಿ ಬಿದ್ದದ್ದಕ್ಕೆ ಹಾಕಿದೆ. ಕೊನೆಯ ಕಾಲಂನಲ್ಲಿ ಒಂಬತ್ತು ಒತ್ತಲು ಮನಸ್ಸಾಗಲಿಲ್ಲ. ಒಂದು ಹಾಕಿದೆ. ಕೊನೆಗಾಲದಲ್ಲಿ ಅಷ್ಟಾದರೂ ಖುಷಿಯಿಂದ ತಿರುಗಾಡಿದನಲ್ಲ ಎಂದು ತುಸು ಸಮಾಧಾನವೂ ಆಯಿತು.

ಅದೇ ಸಂಜೆ, ದಾರಿಯ ತಿರುವಿನಲ್ಲಿ ಪಾನಂಗಡಿಯವನು ನನ್ನನ್ನು ನಿಲ್ಲಿಸಿದ. ಅಪ್ಪನನ್ನು ಆಟೊದಲ್ಲಿ ಆಸ್ಪತ್ರೆಗೆ ತಂದವನು ಅವನೇ.

"ಅಕ್ಕಾರ, ನಿಮ್ಮ ಅಪ್ಪಾರು ದಿನಾ ನಮ್ಮ ಅಂಗಡಿ ಮರೆಗೆ ನಿಂದರ್ತಿದ್ರು. ನೀವು ದಾಟಿದ ಮ್ಯಾಲ ನಿಮ್ಮ ಹಿಂದ ಸಾವಕಾಶ ಬರ್ತಿದ್ರು. ಅವತ್ತ ನೀವು ಸ್ಕೂಟರ್ ಮ್ಯಾಲ ಹೋದ್ರಿ. ಅವರು ಭಾಳ ಜೋರ ತುಳಕೋತ ಹ್ವಾದ್ರು."

ಮರುದಿನ ಫೈಲ್ ಮತ್ತೆ ತೆರೆದೆ. ಒಂದು ಅಳಿಸಿ, ಮನೆಯವರ ಆರೈಕೆಯ ಮೂರು ಹಾಕಬೇಕಿತ್ತು. ಆದರೆ ಡಾಕ್ಟರು ಬರೆದದ್ದಕ್ಕಷ್ಟೇ ನಾವು ಸಂಖ್ಯೆ ಹಾಕಬಹುದು, ನಮಗೆ ಗೊತ್ತಿರುವುದಕ್ಕಲ್ಲ. ನಾನು ನೊಂದುಕೊಳ್ಳಬಾರದೆಂದು ಅಪ್ಪ ಹೇಳಿದ ಸುಳ್ಳು ಹಾಗೇ ಉಳಿಯಿತು. ಕಂಪ್ಯೂಟರ್ ಮುಂದೆಯೇ ಕೂತು ಅತ್ತೆ, ಯಾರು ನೋಡಿದರೂ ನೋಡಲಿ ಎಂದು.

ಆ ಸಂಜೆ ನಡೆದೇ ಹೊರಟೆ. ತಿರುವು ದಾಟಿದ ಮೇಲೆ ನಿಂತು ಹಿಂದೆ ತಿರುಗಿ ನೋಡಿದೆ. ಅಷ್ಟು ದಿನ ಒಂದು ಸಲವೂ ನೋಡಿರಲಿಲ್ಲ.