ಸತ್ತಿದ್ದು ಯಾವ ರುದ್ರಪ್ಪ?

ಕಳೆದ ವಾರ ನಮ್ಮ ಸೋದರಮಾವ ತೀರಿಕೊಂಡರು. ಈಗ, ನಾನಿದನ್ನು ಬರೆಯುತ್ತಿರುವ ಹೊತ್ತಿನಲ್ಲಿ, ಪಡಸಾಲೆಯಲ್ಲಿ ಕೂತು ರೊಟ್ಟಿಗೆ ಚಟ್ನಿ ಸಾಲದೆಂದು ಹೆಂಡತಿಯ ಮೇಲೆ ರೇಗುತ್ತಿದ್ದಾರೆ.

ಗಾಬರಿಯಾಗಬೇಡಿ. ನನಗೆ ತಲೆ ಕೆಟ್ಟಿಲ್ಲ. (ಕೆಟ್ಟರೂ ಇನ್ನು ಆಸ್ಪತ್ರೆಗೆ ಹೋಗುವ ಧೈರ್ಯ ನನಗಿಲ್ಲ.)

ಮಾವನ ಹೆಸರು ರುದ್ರಪ್ಪ. ನನ್ನ ಅವ್ವನ ತಮ್ಮ. ನ್ಯಾಮತಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಸಂತೆಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಗಿರಾಕಿ ತಿರುಗಿ ನೋಡಬೇಕು, ಅಂಥ ಗಂಟಲು. ಈ ಸಲದ ಚಳಿಗೆ ಆ ಗಂಟಲು ಕಟ್ಟಿತು. ಜ್ವರ ಏರಿತು. ಎದೆ ಗೊರಗೊರ ಅನ್ನತೊಡಗಿತು. ನ್ಯುಮೋನಿಯಾ ಎಂದರು. ಪಟ್ಟಣದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. (ಯಾವ ಪಟ್ಟಣ ಎಂದು ಕೇಳಬೇಡಿ. ನಾನು ಹೊನ್ನಾಳಿಯ ಸರ್ಕಾರಿ ಸ್ಕೂಲಿನ ಮೇಷ್ಟ್ರು. ಸಂಸಾರ ಇದೆ.)

ಮಾವನ ಹೆಂಡತಿ ಗೌರತ್ತೆ ಅಲ್ಲೇ ಉಳಿಯುತ್ತೇನೆಂದು ಹಟ ಹಿಡಿದರು. ವಾರ್ಡಿನ ಜವಾನ ಬಿಡಲಿಲ್ಲ.

"ಗಂಡಸರ ವಾರ್ಡಿನಾಗೆ ಹೆಂಗಸರು ಇರಾಕಿಲ್ಲ. ಮನೀಗೆ ಹೋಗ್ರಿ. ಹುಷಾರಾದ್ರೆ ಹೇಳಿ ಕಳಿಸ್ತೀವಿ."

ಹುಷಾರಾಗದಿದ್ದರೆ? ಅದನ್ನು ಕೇಳಲು ನಮಗೆ ಬಾಯಿ ಬರಲಿಲ್ಲ. ಅತ್ತೆಯನ್ನು ಹೊನ್ನಾಳಿಯ ನಮ್ಮ ಮನೆಗೇ ಕರೆದುಕೊಂಡು ಬಂದೆ. ಇಲ್ಲಾದರೆ ಪಟ್ಟಣದ ಬಸ್ಸು ದಿನಾ ಬರುತ್ತದಲ್ಲ.

ಬಸ್ಸೇ ಸುದ್ದಿಯನ್ನೂ ತಂದಿತು. ಬೆಳಿಗ್ಗೆ ಸ್ಕೂಲಿಗೆ ಹೊರಟಿದ್ದೆ. ಡ್ರೈವರ್ ಖಾದರ್ ಸಾಬರು ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಇದ್ದಿಲಿನ ಮಸಿ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತಾ ನಮ್ಮ ಮನೆಯ ಕಡೆಗೆ ಬರುತ್ತಿದ್ದರು. (ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಿಲು ತಿನ್ನತೊಡಗಿದ ಮೇಲೆ ಡ್ರೈವರುಗಳೆಲ್ಲ ಕಮ್ಮಾರರ ಹಾಗೆ ಕಾಣುತ್ತಾರೆ.) ಅವರು ಯಾವತ್ತೂ ಮನೆಯ ತನಕ ಬಂದವರಲ್ಲ. ನಾನು ಬಾಗಿಲಲ್ಲೇ ನಿಂತೆ.

"ಮೇಷ್ಟ್ರೇ, ಆಸ್ಪತ್ರೆ ಜವಾನ ಹೇಳಿ ಕಳಿಸ್ಯಾನೆ. ನಿಮ್ಮ ಮಾವ ರುದ್ರಪ್ಪೋರು ಬೆಳಗಿನ ಜಾವ ಹೋಗಿಬಿಟ್ರಂತೆ. ಬೇಗ ಬಂದು ಹೆಣ ತಗೊಂಡು ಹೋಗಾಕೆ ಹೇಳಂದ."

ಒಳಗಿದ್ದ ಅತ್ತೆಗೆ ಕೇಳಿಸಿತು. ಮುಂದಿನದನ್ನು ಬರೆಯಬೇಕೆ? ಅವ್ವ, ಅತ್ತೆ ಇಬ್ಬರ ಅಳು ಓಣಿಯನ್ನೆಲ್ಲ ಸೇರಿಸಿತು. ನ್ಯಾಮತಿಗೆ ಒಬ್ಬರನ್ನು ಓಡಿಸಿದೆವು. ಸ್ವಾಮಿಗಳಿಗೆ ಹೇಳಿದೆವು. ಗುಂಡಿ ತೋಡಲು ಜನ ಹೋದರು. ಅವ್ವ ಪೆಟ್ಟಿಗೆಯ ತಳದಿಂದ ಹೊಸ ಬಿಳಿ ಶಾಲೊಂದನ್ನು ತೆಗೆದು ನನ್ನ ಕೈಗಿಟ್ಟಳು. "ಇದನ್ನ ಹೊದಿಸ್ಕೊಂಡು ಕರ್ಕೊಂಡು ಬಾ. ಬರಿಮೈಯಾಗೆ ತರಬೇಡ" ಎಂದಳು.

ನಾನು, ಅತ್ತೆ ಅದೇ ಬಸ್ಸು ತಿರುಗುವಾಗ ಹತ್ತಿದೆವು. ಅತ್ತೆ ದಾರಿಯುದ್ದಕ್ಕೂ ಅತ್ತರು. ಏರು ಬಂದಾಗ ಬಸ್ಸು ಕೆಮ್ಮಿ ಕೆಮ್ಮಿ ನಿಲ್ಲುವುದು, ಕ್ಲೀನರು ಇಳಿದು ಇದ್ದಿಲು ಕೆದಕುವುದು, ಆಗೆಲ್ಲ ಅತ್ತೆ "ನನ್ನ ಇಲ್ಲೇ ಇರು ಅನ್ನಬೇಕಿತ್ತು ಅವರು" ಎನ್ನುವುದು. ಯಾರು ಎಂದು ನಾನು ಕೇಳಲಿಲ್ಲ.

ಪಟ್ಟಣ ಮುಟ್ಟಿದಾಗ ಮಧ್ಯಾಹ್ನ. ಭತ್ತ ಇಳಿಸಿ ಖಾಲಿ ನಿಂತಿದ್ದ ಲಾರಿಯೊಂದನ್ನು ಗೊತ್ತು ಮಾಡಿಕೊಂಡು ಆಸ್ಪತ್ರೆಯ ಹಿಂಬಾಗಿಲಿಗೆ ಹೋದೆವು. ಅಲ್ಲಿ ಒಂದು ತಗಡಿನ ಶೆಡ್ಡು. ಜವಾನ ನಮಗಾಗಿ ಕಾದಿದ್ದ. ದುಃಖದಿಂದಲ್ಲ, ಅವಸರದಿಂದ.

"ಎಷ್ಟೊತ್ತಿಗೆ ಬರೋದ್ರಿ? ಬೆಳಿಗ್ಗೆಯಿಂದ ಕಾಯಾಕತ್ತೀನಿ. ಎತ್ಕೊಳ್ರಿ."

ತಲೆಯಿಂದ ಮೊಣಕಾಲಿನವರೆಗೆ ಆಸ್ಪತ್ರೆಯ ಬಟ್ಟೆ ಸುತ್ತಿ ಮಲಗಿಸಿದ್ದರು. ನಾನು ಶಾಲು ಬಿಚ್ಚಿದೆ. ಆಗ ಅತ್ತೆಯ ಅಳು ಇದ್ದಕ್ಕಿದ್ದಂತೆ ನಿಂತಿತು. ಅವರು ಕಾಲುಗಳನ್ನೇ ನೋಡುತ್ತಿದ್ದರು.

"ಇವು ಅವರ ಕಾಲಲ್ಲ" ಎಂದರು.

"ಅಮ್ಮಾ, ದುಃಖದಾಗೆ ಹಂಗೆ ಅನ್ನಿಸ್ತೈತೆ" ಎಂದ ಜವಾನ.

"ಅವರ ಬಲಗಾಲಿನ ಹೆಬ್ಬೆಟ್ಟು ಎತ್ತು ತುಳಿದು ಚಪ್ಪಟೆ ಆಗೈತೆ. ಇದು ನೋಡು, ನೆಟ್ಟಗೈತೆ. ಮುಖ ತೆಗಿ."

ಅವನು ತೆಗೆಯಲಿಲ್ಲ. ನಾನೇ ತೆಗೆದೆ. ಬಡಕಲು ಮುಖ, ಬಿಳಿ ಮೀಸೆ. ನಮ್ಮ ಮಾವನಿಗೆ ದುಂಡು ಮುಖ, ಮೀಸೆ ಇದೆ, ಆದರೆ ಪೂರ್ತಿ ಬೆಳ್ಳಗಲ್ಲ. "ಇವರು ನಮ್ಮವರಲ್ಲ" ಎಂದೆ.

ಜವಾನ ಹೇಳಿದ ಮಾತು ಕೇಳಿ: "ಸತ್ತ ಮ್ಯಾಲೆ ಎಲ್ಲರ ಮುಖಾನೂ ಹಿಂಗೆ ಆಗ್ತೈತೆ ಮೇಷ್ಟ್ರೇ. ನಾವು ದಿನಾ ನೋಡ್ತೀವಿ."

ಓದುಗರೇ, ನಗಬೇಡಿ. ಆ ಕ್ಷಣ ನನಗೂ ಅನುಮಾನ ಬಂದುಬಿಟ್ಟಿತು. ಜ್ವರದಲ್ಲಿ ಇಳಿದು ಹೋಗಿರಬಹುದೆ? ಮೀಸೆ ನರೆತಿರಬಹುದೆ? ಹೆಬ್ಬೆಟ್ಟು ನೆಟ್ಟಗಾಗುತ್ತದೆಯೆ? ಅವನ ದನಿಯಲ್ಲಿ ಅಷ್ಟು ಖಾತ್ರಿಯಿತ್ತು. ಖಾತ್ರಿಯಾಗಿ ಮಾತಾಡುವವರ ಎದುರು ನನ್ನಂಥವನಿಗೆ ಕಣ್ಣೆದುರಿಗಿದ್ದದ್ದೂ ಮಸುಕಾಗುತ್ತದೆ. ತಾಲ್ಲೂಕು ಕಚೇರಿಯಲ್ಲೂ ಹಾಗೇ, ಸೀಮೆಎಣ್ಣೆ ಕೊಡುವ ಡಿಪೋದಲ್ಲೂ ಹಾಗೇ. "ನಿನ್ನೆ ತಗೊಂಡು ಹೋದ್ಯಲ್ಲ" ಎಂದು ಗದರಿಸಿದರೆ, ಹೌದೇನೋ, ತಗೊಂಡು ಹೋಗಿದ್ದೆನೇನೋ ಎಂದು ಖಾಲಿ ಡಬ್ಬಿ ಹಿಡಿದು ವಾಪಸ್ ಬಂದವನು ನಾನು.

ಅತ್ತೆಗೆ ಅಂಥ ಗೊಂದಲವಿರಲಿಲ್ಲ. "ಹಂಗಾದ್ರೆ ನನ್ನ ಗಂಡ ಎಲ್ಲಿ?" ಎಂದರು.

ವಾರ್ಡಿಗೆ ಓಡಿದೆವು. ಮಾವನನ್ನು ಮಲಗಿಸಿದ್ದ ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಯಾರೋ ಮಲಗಿದ್ದರು. ಡಾಕ್ಟರು ರೌಂಡ್ಸಿನಲ್ಲಿದ್ದರು. ಕನ್ನಡಕದ ಯುವಕ. ಅವರ ಹಿಂದೆ ಹಿಂದೆಯೇ ಹೋದೆ.

"ಸಾರ್, ನ್ಯಾಮತಿ ರುದ್ರಪ್ಪ..."

"ಎಕ್ಸ್‌ಪೈರ್ಡ್" ಎಂದರು, ತಲೆ ಎತ್ತದೆ.

"ಅಲ್ಲ ಸಾರ್, ಶೆಡ್ಡಿನಲ್ಲಿರೋರು ನಮ್ಮವರಲ್ಲ."

"ಹಾಗಾದ್ರೆ ನಿಮ್ಮವರು ಯಾರು?"

"ರುದ್ರಪ್ಪ ಸಾರ್."

"ರುದ್ರಪ್ಪ ಎಕ್ಸ್‌ಪೈರ್ಡ್ ಅಂದೆನಲ್ರೀ!" ಎಂದು ಮುಂದಿನ ಮಂಚಕ್ಕೆ ಹೋದರು.

ಇದಕ್ಕೆ ಏನು ಹೇಳುತ್ತೀರಿ? ವಾರ್ಡಿನ ನಡುವೆ ಬಿಳಿ ಶಾಲು ಹಿಡಿದು ಪೆಚ್ಚಾಗಿ ನಿಂತೆ. ಡಾಕ್ಟರುಗಳನ್ನೆಲ್ಲ ಯುದ್ಧಕ್ಕೆ ಕರೆದುಕೊಂಡು ಹೋಗಿದ್ದಾರೆ, ಇದ್ದೊಬ್ಬರು ಎಷ್ಟು ಜನರನ್ನು ನೋಡಿಯಾರು ಎನ್ನುತ್ತಾರೆ. ಒಪ್ಪಿದೆ. ಔಷಧಿಗೆ ಬರ, ಅದನ್ನೂ ಒಪ್ಪಿದೆ. ಆದರೆ ಮಾತಾಡುವವನ ಮುಖ ನೋಡಲು ಯಾವ ಔಷಧಿ ಬೇಕು ಸ್ವಾಮಿ?

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಕೂಗು ಕೇಳಿಸಿತು. ಅಳುವ ಕೂಗಲ್ಲ. ಏನೋ ಎಂದೂ ಕೇಳದಂಥ ಕೂಗು.

ಓಡಿ ಬಂದು ನೋಡಿದರೆ, ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ, ಗೋಣಿತಾಟಿನ ಮೇಲೆ, ಕಂಬಳಿ ಹೊದ್ದು ಕೂತಿದ್ದಾರೆ ನಮ್ಮ ಮಾವ! ಅಂಗೈಯಲ್ಲಿ ಮಂಡಕ್ಕಿ. ಅತ್ತೆ ಅವರ ಕಾಲು ಹಿಡಿದು, ಆ ಚಪ್ಪಟೆ ಹೆಬ್ಬೆಟ್ಟನ್ನು ಹಿಡಿದು, ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾಗದು.

"ಏನೇ ಇದು, ಜನ ನೋಡ್ತಾರೆ, ಬಿಡು" ಎಂದು ಮಾವ ಸಂಕೋಚದಿಂದ ಕಾಲೆಳೆದುಕೊಂಡರು. ಗಂಟಲು ಇನ್ನೂ ಪೂರ್ತಿ ಬಂದಿರಲಿಲ್ಲ. ಆದರೆ ಅದು ಅವರದೇ ಗಂಟಲು. ನಾನು ಅಲ್ಲೇ ಗೋಣಿತಾಟಿನ ಅಂಚಿಗೆ ಕೂತುಬಿಟ್ಟೆ.

ನಡೆದದ್ದು ಇಷ್ಟು. ಹಿಂದಿನ ದಿನ ಜ್ವರ ಬಿಟ್ಟಿತ್ತು. ಮಂಚ ಬೇರೆಯವರಿಗೆ ಬೇಕೆಂದು ಮಾವನನ್ನು ಎಬ್ಬಿಸಿ ವರಾಂಡಕ್ಕೆ ಹಾಕಿದ್ದರು. ವರಾಂಡದ ಚಳಿ ತಡೆಯದೆ ಬೆಳಿಗ್ಗೆ ಬಿಸಿಲಿಗೆಂದು ಮರದ ಕೆಳಗೆ ಬಂದಿದ್ದರು. ಹೋಗು ಅಂದವರಿಲ್ಲ, ಇರು ಅಂದವರೂ ಇಲ್ಲ.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮಂಡಕ್ಕಿಯ ಗಂಟು ಅವಳದೇ. ನಮ್ಮ ಸಂಭ್ರಮ ಕಂಡು ಅವಳ ಮುಖವೂ ಅರಳಿತ್ತು.

"ಈ ತಾಯಿ ಇಲ್ದಿದ್ರೆ ನಾನು ಉಪವಾಸ ಬೀಳ್ತಿದ್ದೆ" ಎಂದರು ಮಾವ. "ಹೆಸರು ತಿಪ್ಪಮ್ಮ. ಜಗಳೂರು ಕಡೆಯೋರು. ಗಂಡಗೆ ಅಂತ ತಂದಿದ್ದನ್ನ ನನಗೆ ಕೊಟ್ಳು."

"ನಮ್ಮೋರಿಗೆ ಈಗ ತಿನ್ನಾಕೆ ಕೊಡಂಗಿಲ್ಲಂತೆ ಯಕ್ಕಾ" ಎಂದಳು ತಿಪ್ಪಮ್ಮ ಅತ್ತೆಗೆ. "ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗ್ಯಾರೆ, ಎದಿ ಫೋಟೋ ತೆಗಿಯಾಕೆ. ಜವಾನ ಹೇಳಿದ. ನಿಮ್ಮ ಯಜಮಾನ್ರಿಗೂ ನಮ್ಮೋರಿಗೂ ಒಂದೇ ಕಾಯಿಲೆ, ಒಂದೇ ಹೆಸರು. ಇವ್ರು ಎದ್ದು ಕುಂತ್ರಲ್ಲ, ಅವ್ರೂ ಏಳ್ತಾರೆ."

ಒಂದೇ ಹೆಸರು.

ನನ್ನ ಸಂತೋಷ ಅಲ್ಲೇ ಹೆಪ್ಪುಗಟ್ಟಿತು. ಅತ್ತೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಯಾರು ಹೇಳಬೇಕು ಇದನ್ನು? ಹೇಳಬೇಕಾದವರು ಒಳಗೆ ರೌಂಡ್ಸಿನಲ್ಲಿದ್ದಾರೆ. ಜವಾನ, ಫೋಟೋ ಎಂದು ಹೇಳಿ ಕೈತೊಳೆದುಕೊಂಡಿದ್ದಾನೆ. ನಾನು ಕೂಗಾಡಲೆ, ಅಳಲೆ, ಮಾವ ಬದುಕಿದ್ದಕ್ಕೆ ದೇವರಿಗೆ ಕೈಮುಗಿಯಲೆ? ಆ ಹೆಂಗಸಿನ ಎದುರು ಕೈಮುಗಿಯಲು ನಾಚಿಕೆಯಾಯಿತು. ಆದರೂ ಒಳಗೊಳಗೆ ಮನಸ್ಸು ಕುಣಿಯುತ್ತಲೇ ಇತ್ತು. ಎಂಥ ಮನಸ್ಸು ಇದು?

ಹೇಳಿದವರು ಅತ್ತೆ. ಎದ್ದು ಹೋಗಿ ತಿಪ್ಪಮ್ಮನಿಗೆ ಒತ್ತಿಕೊಂಡು ಕೂತರು. ಅವಳ ಎರಡೂ ಕೈ ಹಿಡಿದುಕೊಂಡರು.

"ತಂಗೀ, ನನ್ನ ಕಣ್ಣು ನೋಡು, ಹೆಂಗೆ ಊದ್ಯಾವೆ. ನನ್ನ ಗಂಡ ಹೋದ ಅಂತ ನಮಗೆ ಹೇಳಿ ಕಳಿಸಿದ್ರು. ಬೆಳಿಗ್ಗೆಯಿಂದ ನಾನು ಅತ್ತಿದ್ದು ನಿನ್ನ ಗಂಡಗೆ, ತಂಗೀ."

ತಿಪ್ಪಮ್ಮನಿಗೆ ಅರ್ಥವಾಗಲಿಲ್ಲ. ಅತ್ತೆಯನ್ನು ನೋಡಿದಳು, ಮಾವನನ್ನು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಫೋಟೋ ತೆಗಿಯಾಕೆ ಅಂದ್ರಲ್ಲರೀ?"

ನಾನು ತಲೆ ಆಡಿಸಿದೆ. ಹೌದು ಎಂದು ಆಡಿಸಿದೆನೋ ಇಲ್ಲ ಎಂದೋ ಈಗಲೂ ಗೊತ್ತಿಲ್ಲ. ಆದರೆ ಅವಳಿಗೆ ತಿಳಿಯಿತು. ಮಂಡಕ್ಕಿಯ ಗಂಟನ್ನು ಹಾಗೇ ಬಿಟ್ಟು ಎದ್ದಳು. ಅತ್ತೆ ಅವಳನ್ನು ತೋಳಲ್ಲಿ ಹಿಡಿದು ಹಿಂಬಾಗಿಲಿನ ಶೆಡ್ಡಿಗೆ ಕರೆದುಕೊಂಡು ಹೋದರು.

ಮಾವ ನನ್ನ ಕೈಲಿದ್ದ ಶಾಲು ನೋಡಿದರು. ಅದೇನೆಂದು ಕೇಳಲಿಲ್ಲ. ವ್ಯಾಪಾರಸ್ಥರು, ಗ್ರಹಿಸಿದರು. "ಹೋಗು, ಅವನಿಗೆ ಹೊದಿಸು" ಎಂದರು.

ಲಾರಿಯವನು ಜಗಳೂರು ಎಂದ ಕೂಡಲೇ ಆಗುವುದಿಲ್ಲವೆಂದ. ಶೆಡ್ಡಿನ ಕಡೆಯಿಂದ ತಿಪ್ಪಮ್ಮನ ದನಿ ಕೇಳಿತು. ಅವನು ಬೀಡಿ ಬಿಸಾಡಿ, "ಹತ್ತಿಸ್ರಿ" ಎಂದ. ಅತ್ತೆ ಮಾವನನ್ನು ಕರೆದುಕೊಂಡು ಬಸ್ಸಿಗೆ ಹೋದರು. ಯಾರಾದರೂ ಗಂಡಸರು ಜೊತೆಗಿರಬೇಕೆಂದು ನಾನು ಲಾರಿ ಹತ್ತಿದೆ.

ದಾರಿಯಲ್ಲಿ ತಿಪ್ಪಮ್ಮ ಒಂದೇ ಒಂದು ಮಾತು ಕೇಳಿದಳು.

"ಹೋಗೋವಾಗ ನನ್ನ ಕರದ್ರಂತಾ? ನಾನು ಹೊರಗೇ ಇದ್ದೆ. ಕರದಿದ್ರೆ ಕೇಳಿಸ್ತಿತ್ತು."

ಆಸ್ಪತ್ರೆಯಲ್ಲಿ ಅದು ಯಾರಿಗೆ ಗೊತ್ತು? ಸತ್ತವನು ಯಾರೆಂದೇ ಗೊತ್ತಿಲ್ಲದವರಿಗೆ ಅವನು ಯಾರನ್ನು ಕರೆದನೆಂದು ಹೇಗೆ ಗೊತ್ತಿರುತ್ತದೆ? "ನಿದ್ದೆಯಲ್ಲೇ ಹೋದ್ರಂತೆ ತಾಯಿ" ಎಂದೆ. ಸುಳ್ಳು ಇರಬಹುದು, ನಿಜವೂ ಇರಬಹುದು. ಅವಳು ಶಾಲಿನ ಅಂಚನ್ನು ಸರಿಪಡಿಸುತ್ತಾ ಕೂತಳು.

ಹೊನ್ನಾಳಿಗೆ ಬಂದಾಗ ಮನೆಯಲ್ಲಿ ಹಬ್ಬ. ತೋಡಿದ ಗುಂಡಿ ಮುಚ್ಚಿಸಿದ್ದರು. ಓಣಿಯವರೆಲ್ಲ ಮಾವನನ್ನು ನೋಡಲು ಬರುತ್ತಿದ್ದರು. ಮಾವನ ಪಾಲಿಗೆ ಕಥೆ ಮುಗಿದಿತ್ತು. ನನಗೆ ಮುಗಿಯಲಿಲ್ಲ. ಊಟ ಸೇರಲಿಲ್ಲ. ಮೊನ್ನೆ ರಜೆ ಹಾಕಿ ಮತ್ತೆ ಪಟ್ಟಣಕ್ಕೆ ಹೋದೆ. ಅದೇ ಡಾಕ್ಟರನ್ನು ಕಂಡೆ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಈ ಸಲ ಅವರು ತಲೆ ಎತ್ತಿ ನೋಡಿದರು, ಪೂರ್ತಿ ಕೇಳಿದರು. ಮರ್ಯಾದೆಯಿಂದಲೇ ಮಾತಾಡಿದರು.

"ನಿಮ್ಮ ಮಾವ ಹುಷಾರಾಗಿದ್ದಾರಲ್ವೆ?"

"ಹುಷಾರಾಗಿದ್ದಾರೆ ಸಾರ್."

"ಆ ಜಗಳೂರಿನವರಿಂದ ಏನೂ ಕಂಪ್ಲೇಂಟ್ ಬಂದಿಲ್ಲ. ನಿಮ್ಮವರು ಬದುಕಿದ್ದಾರೆ. ಮತ್ತೆ ನಿಮ್ಮ ಕಂಪ್ಲೇಂಟ್ ಏನ್ರೀ?"

ಬಾಯಿ ತೆರೆದೆ. ನಮಸ್ಕಾರ ಹೇಳಿ ಎದ್ದು ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ಒಂದು ಪ್ರಶ್ನೆ ಹೊಳೆಯಿತು. ಡಾಕ್ಟರಿಗೆ ಕೇಳಲಾಗಲಿಲ್ಲ, ನಿಮಗಾದರೂ ಕೇಳುತ್ತೇನೆ: ಹಾಗಾದರೆ ದೂರು ಹೇಳಲು ಯಾವ ರುದ್ರಪ್ಪ ಬರಬೇಕಿತ್ತು?