ಕಾಣದ ಹಾಗೆ ಹಚ್ಚುವ ಮೇಕಪ್

ಕಳೆದ ಜೂನ್‌ನಲ್ಲಿ, ಜೆ.ಪಿ. ನಗರದ ಒಂದು ಶಾಲೆಗೆ ವಿಜ್ಞಾನದ ಟೀಚರಾಗಿ ಸೇರುವ ಹಿಂದಿನ ದಿನ ನಡೆದದ್ದಿದು. ದಿನಾ ಹಚ್ಚಿಕೊಳ್ಳಲು ಕಾಂಪ್ಯಾಕ್ಟ್, ಕಾಡಿಗೆ, ಲಿಪ್‌ಸ್ಟಿಕ್ ಬೇಕಿತ್ತು, ದುಬಾರಿಯದು ಬೇಡ. ಎಂಟನೇ ಕ್ಲಾಸಿನ ಮಕ್ಕಳು ನನ್ನ ಮುಖ ನೋಡಿ ನಗಬಾರದು, ಅಷ್ಟೇ ಷರತ್ತು.

ಜಯನಗರದ ಫ್ಯಾನ್ಸಿ ಸ್ಟೋರಿನ ಅಕ್ಕ ನನ್ನನ್ನು ನೋಡಿದ್ದೇ ತಡ, ನನ್ನ ಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿನ ಕಾಂಪ್ಯಾಕ್ಟ್ ತೆಗೆದಿಟ್ಟರು.

"ಇದು ನನ್ನ ಬಣ್ಣ ಅಲ್ಲ ಅಕ್ಕ."

"ನಿಮ್ ಬಣ್ಣದ್ದೇ ಹಚ್ಕೊಳ್ಳೋಕೆ ದುಡ್ಡು ಯಾಕೆ ಕೊಡ್ತೀರಾ ಮೇಡಂ?"

ಕೆನ್ನೆಯ ಮೇಲೆ ಮೂರು ಶೇಡ್ ಪಕ್ಕಪಕ್ಕದಲ್ಲಿ ಹಚ್ಚಿಸಿಕೊಂಡೆ. ಟ್ಯೂಬ್‌ಲೈಟಿನಲ್ಲಿ ವ್ಯತ್ಯಾಸ ತಿಳಿಯದೆ ಫುಟ್‌ಪಾತಿಗೆ ಬಂದು ಬಿಸಿಲಿಗೆ ಮುಖ ಒಡ್ಡಿ ನಿಂತೆ. ಅಕ್ಕ ಕನ್ನಡಿ ಹಿಡಿದು ಹಿಂದೆಯೇ ಬಂದರು.

ಬಸ್ಸಿಗೆ ಕಾಯುತ್ತಿದ್ದ ಆಂಟಿಯೊಬ್ಬರು ನನ್ನ ಕೆನ್ನೆಯ ಪಟ್ಟೆಗಳನ್ನು ನೋಡಿ, "ಯಾವ ನಾಟಕಮ್ಮಾ?" ಅಂದರು.

"ನಾಟಕ ಅಲ್ಲ ಆಂಟಿ, ನಾಳೆ ಸ್ಕೂಲಿಗೆ ಟೀಚರಾಗಿ ಸೇರ್ತಿದ್ದೀನಿ."

"ಹಂಗಾದ್ರೆ ಮಧ್ಯದ್ದು ತಗೋ. ಅದು ಹಚ್ಚಿರೋದೇ ಕಾಣ್ತಿಲ್ಲ."

"ಕಾಣದೇ ಇರೋದಕ್ಕೆ ಇಷ್ಟೊಂದು ಪರೀಕ್ಷೆ!" ಅಂತ ಅಕ್ಕ ನಿಟ್ಟುಸಿರಿಟ್ಟು ಮಧ್ಯದ್ದನ್ನೇ ಪ್ಯಾಕ್ ಮಾಡಿದರು. ಲಿಪ್‌ಸ್ಟಿಕ್ಕೂ ತುಟಿಯ ಬಣ್ಣದ್ದೇ ಆಯಿತು. ಕಾಡಿಗೆಯ ವಿಷಯದಲ್ಲಿ ಮಾತ್ರ ನಮಗೆ ತಕರಾರು ಬರಲಿಲ್ಲ.

ಮೊದಲ ವಾರ ಯಾರೂ ಏನೂ ಗಮನಿಸಲಿಲ್ಲ. ಪ್ರಯೋಗ ಗೆದ್ದಿತು ಅಂದುಕೊಂಡೆ. ಮುಂದಿನ ಸೋಮವಾರ ಏಳುವುದು ತಡವಾಗಿ, ಏನೂ ಹಚ್ಚದೆ ಕ್ಲಾಸಿಗೆ ಹೋದೆ. ಹಾಜರಿ ಕರೆದು ಮುಗಿಸುವಷ್ಟರಲ್ಲಿ "ಮಿಸ್, ಹುಷಾರಿಲ್ವಾ?" ಅಂತ ಕೇಳಿದವರು ಏಳು ಮಂದಿ.