ಉತ್ತರ ಬೇಡದ ಪ್ರಶ್ನೆ

ಆ ಪಾದ್ರಿಗಳ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಎಪ್ಪತ್ತರ ದಶಕದಲ್ಲಿ, ನರಸಿಂಹರಾಜಪುರದಲ್ಲಿ ಅಪ್ಪ ತೀರಿಕೊಂಡ ವಾರ, ಸಮಾಧಾನ ಹೇಳೋಕೆ ಅಂತ ಮನೆಗೆ ಬಂದಿದ್ದರು. ಗದ್ದೆ ಡ್ಯಾಮಿನ ಹಿನ್ನೀರಲ್ಲಿ ಮುಳುಗಿದ ಮೇಲೆ ಅಪ್ಪ ಕೂಲಿ ಮಾಡಿ ಮಾಡಿ ಸವೆದು ಸತ್ತಿದ್ದ. "ನಮಗೇ ಯಾಕೆ ಹೀಗಾಯ್ತು?" ಅಂತ ಅಮ್ಮ ಕೇಳಿದಳು. ಪಾದ್ರಿಗಳು ಬೈಬಲಿನ ಹಳೆಯ ಹೀಬ್ರೂ ಜ್ಞಾನಿಗಳ ಧಾಟಿಯಲ್ಲಿ ಪ್ರಶ್ನೆಗೆ ಪ್ರಶ್ನೆಯನ್ನೇ ಎಸೆದರು: "ಮೋಡ ಕಟ್ಟಿದವರು ಯಾರಮ್ಮ? ನೀರು ಎಲ್ಲಿಗೆ ನಿಲ್ಲಬೇಕು ಅಂತ ಗೆರೆ ಎಳೆದವರು ಯಾರು?"

ಅಮ್ಮ ಉತ್ತರ ಹೇಳಿಯೇಬಿಟ್ಟಳು. "ಮೋಡದ್ದು ಗೊತ್ತಿಲ್ಲ ಅಯ್ಯನೋರೆ. ನೀರಿಗೆ ಗೆರೆ ಎಳೆದದ್ದು ಡ್ಯಾಮಿನ ಎಂಜಿನಿಯರು. ನಮ್ಮ ಗದ್ದೆ ದಾಟಿಸಿ ಮುಳುಗಡೆ ಗುರುತಿನ ಕಲ್ಲು ನೆಡಿಸಿದರು."

ಪಾದ್ರಿಗಳ ಜೊತೆಗೆ ಬಂದವರು ಕಿಸಕ್ಕನೆ ನಕ್ಕರು. ಪಾದ್ರಿಗಳೂ ನಕ್ಕು, "ಇವು ಉತ್ತರ ಹೇಳೋ ಪ್ರಶ್ನೆ ಅಲ್ಲಮ್ಮ. ಮನುಷ್ಯನಿಗೆ ಏನೂ ಗೊತ್ತಿಲ್ಲ ಅಂತ ತಿಳಿಸೋ ರೀತಿ" ಅಂದರು. ಅಮ್ಮ ತಲೆ ತಗ್ಗಿಸಿದಳು.

ಎಂಥಾ ರೀತಿ ಮಾರಾಯ ಅದು! ಕಲ್ಲು ನೆಟ್ಟ ದಿನ ಅಪ್ಪ ಅಡ್ಡ ನಿಂತಾಗ ಆ ಎಂಜಿನಿಯರೂ "ನಿಂಗೇನೋ ಗೊತ್ತು?" ಅಂತಲೇ ಕೇಳಿದ್ದ. ಅವನಿಗೂ ಉತ್ತರ ಬೇಕಿರಲಿಲ್ಲ.